ಏಳನೆಯ ಕೈ

"ಉಸಿರು ಬಿಡಿ ಮೇಡಂ! ಹಿಡ್ಕೊಂಡಷ್ಟೂ ಭಯ ಜಾಸ್ತಿ ಆಗುತ್ತೆ."

ಸೊಂಟದ ಮಟ್ಟದ ನೀರಿನಲ್ಲಿ ಮುಖ ಮುಳುಗಿಸಿದ್ದ ಇನ್ಸ್‌ಪೆಕ್ಟರಮ್ಮ ಮೂರು ಎಣಿಸುವಷ್ಟರಲ್ಲಿ ಧಡಕ್ಕನೆ ಎದ್ದು ನಿಂತರು. ಬಾಯಿಂದ ಸ್ನಾರ್ಕೆಲ್ ಕಿತ್ತರು. ಕೆಮ್ಮಿದರು. ಮಾಸ್ಕನ್ನು ಹಣೆಗೇರಿಸಿಕೊಂಡು, ಠಾಣೆಯಲ್ಲಿ ಸುಳ್ಳು ಹೇಳುವವರನ್ನು ನೋಡುವ ಹಾಗೆ ಸಮುದ್ರವನ್ನು ದುರುಗುಟ್ಟಿ ನೋಡಿದರು.

"ಇಪ್ಪತ್ತೆಂಟು ವರ್ಷ ಸರ್ವೀಸ್ ಮಾಡಿದೀನಿ. ಉಸಿರಾಡೋಕೂ ಟ್ರೇನಿಂಗ್ ಬೇಕು ಅಂತ ಇವತ್ತು ಗೊತ್ತಾಯ್ತು ನೋಡಿ."

"ಆ ಜಾಗ ನೋಡ್ಲೇಬೇಕು ಅಂದಿದ್ದು ನೀವೇ."

"ಅಂದೆ. ಬಾಯಿ ಸುಮ್ನಿರಲ್ವಲ್ಲ, ಏನ್ ಮಾಡ್ಲಿ?" ಎಂದು ಅವರು ಮತ್ತೆ ಕೊಳವೆಯನ್ನು ಬಾಯಿಗೆ ಕಚ್ಚಿಕೊಂಡರು.

ಉಸಿರಾಡಲು ಕಲಿಸುತ್ತಿದ್ದವಳನ್ನು ಊರಿನವರೆಲ್ಲ ಕರೆಯುತ್ತಿದ್ದುದು ಗಾಳಿಯಕ್ಕ ಎಂದು. ಬೀಚಿನ ಮೇಲಿನ ರಸ್ತೆಯ ಅಂಗಡಿಯಲ್ಲಿ ಕುಳಿತು ಮುಳುಗುವವರ ಸಿಲಿಂಡರುಗಳಿಗೆ ಗಾಳಿ ತುಂಬಿಸುವವಳು ಅವಳೇ. ಗಂಡನನ್ನು ಊರು ಮೇಷ್ಟ್ರು ಎನ್ನುತ್ತಿತ್ತು. ಅರ್ಧ ಊರಿಗೆ ಈಜು ಕಲಿಸಿದವರು ಅವರು. ಹತ್ತೊಂಬತ್ತು ತಿಂಗಳ ಹಿಂದೆ ಒಂದು ಬೆಳಿಗ್ಗೆ ಇದೇ ನೀರಿಗಿಳಿದ ಮೇಷ್ಟ್ರು ಮೇಲೆ ಬಂದಿರಲಿಲ್ಲ. ನಿನ್ನೆ ಸಂಜೆ, ರಜೆಗೆ ಬಂದಿದ್ದ ದಂಪತಿ, ಮುಳುಗುವಾಗ ಮೇಷ್ಟ್ರು ಸೊಂಟಕ್ಕೆ ಕಟ್ಟುತ್ತಿದ್ದ ಸೀಸದ ಬೆಲ್ಟನ್ನು ತಂದು, "ಇದು ನಿಮ್ಮ ಅಂಗಡೀದಾ?" ಎಂದು ಮೇಜಿನ ಮೇಲಿಟ್ಟು ಹೋಗಿದ್ದರು.

ಹಿಂದಿದ್ದ ಇನ್ಸ್‌ಪೆಕ್ಟರು ಫೈಲಿನಲ್ಲಿ 'ಮುಳುಗಿ ಸಾವು, ಶವ ಸಿಕ್ಕಿಲ್ಲ' ಎಂದು ಬರೆದು ಕಟ್ಟಿಟ್ಟಿದ್ದರು. ವರ್ಗವಾಗಿ ಬಂದ ಇವರು ಮೂರು ವಾರದ ಹಿಂದೆ ಅದನ್ನು ಬಿಚ್ಚಿ ಓದಿ, ಒಂದೇ ಪ್ರಶ್ನೆ ಕೇಳಿದ್ದರು: "ಎರಡಾಳು ಆಳದ ನೀರಲ್ಲಿ, ಮೀನಿನ ಹಾಗೆ ಈಜೋ ಮನುಷ್ಯ ಹೇಗ್ರೀ ಕಳೆದುಹೋಗ್ತಾನೆ?" ಮೇಲಿನವರು ಅವರಿಗೆ ಸೋಮವಾರದವರೆಗೆ ಸಮಯ ಕೊಟ್ಟಿದ್ದರು. ಇವತ್ತು ಗುರುವಾರ.

ನಾಲ್ಕನೇ ಪ್ರಯತ್ನಕ್ಕೆ ಇನ್ಸ್‌ಪೆಕ್ಟರಮ್ಮ ತೇಲಿದರು. ಗಾಳಿಯಕ್ಕ ಅವರ ತೋಳಿನಡಿ ತೇಲುಬುರುಡೆ ಸಿಕ್ಕಿಸಿ ಮೆಲ್ಲಗೆ ಮುಂದಕ್ಕೆ ತಳ್ಳಿದಳು.

ದಡದಿಂದ ನೂರು ಹೆಜ್ಜೆಗೆ ಬಂಡೆಸಾಲು ಶುರುವಾಗುತ್ತಿತ್ತು. ಕೆಳಗೆ ಮರಳಿನ ಮೇಲೆ ಬಿಸಿಲು ಬಲೆ ಬೀಸಿದಂತೆ ಅಲ್ಲಾಡುತ್ತಿತ್ತು. ಹಳದಿ ಪಟ್ಟೆಯ ಪುಟ್ಟ ಮೀನುಗಳು ಗುಂಪಾಗಿ ಬಂದು, ಇನ್ಸ್‌ಪೆಕ್ಟರಮ್ಮನ ಕೈಬೆರಳನ್ನು ಪರೀಕ್ಷಿಸಿ, ಪ್ರಯೋಜನವಿಲ್ಲವೆಂದು ತಿರುಗಿ ಹೋದವು.

ಮೇಷ್ಟ್ರು ಈ ಬಂಡೆಗಳಿಗೆಲ್ಲ ಮನೆಯ ಕೋಣೆಗಳ ಹೆಸರಿಟ್ಟಿದ್ದರು. ಮೊದಲ ಚಪ್ಪಟೆ ಬಂಡೆ ಜಗಲಿ. ಅದರಾಚೆಯ ಮರಳಿನ ಬಯಲು ನಡುಮನೆ. ಬೆಳಗಿನ ಹೊತ್ತು ಮೀನುಗಳು ಮೇಯುವ ಪಾಚಿ ಬಂಡೆ ಅಡುಗೆಮನೆ. ಕಟ್ಟಕಡೆಯಲ್ಲಿ, ಬಂಡೆ ಎರಡಾಗಿ ಸೀಳಿ ಒಳಗೆ ಕತ್ತಲೆ ತುಂಬಿದ ಜಾಗ ಉಗ್ರಾಣ. ಮದುವೆಯಾದ ವಾರದಲ್ಲಿ ಅವಳನ್ನು ಇಲ್ಲಿಗೆ ತೇಲಿಸಿಕೊಂಡು ಬಂದು, "ಮನೆ ಚಿಕ್ಕದು ಅಂತ ಬೇಜಾರು ಮಾಡ್ಕೋಬೇಡ, ಇದೂ ನಮ್ಮದೇ" ಎಂದಿದ್ದರು.

ಅವರು ಹೋದ ಮೇಲೆ ಅವಳು ಎರಡು ಮನೆಗಳಲ್ಲಿ ಒಬ್ಬಳೇ ಇದ್ದಳು.

ಬೆಲ್ಟು ಸಿಕ್ಕಿದ್ದು ಉಗ್ರಾಣದ ಬಾಗಿಲಿನಲ್ಲಿ. ಇನ್ಸ್‌ಪೆಕ್ಟರಮ್ಮನಿಗೆ ಅಲ್ಲೇ ಇರುವಂತೆ ಸನ್ನೆ ಮಾಡಿ, ಗಾಳಿಯಕ್ಕ ಎದೆತುಂಬ ಉಸಿರೆಳೆದುಕೊಂಡು ಕೆಳಗಿಳಿದಳು.

ಸೀಳಿನ ಬಾಯಿಯ ಎರಡೂ ಬದಿಗೆ ಮೈಯೆಲ್ಲ ಮುಳ್ಳಿನ, ಕಪ್ಪು ಉಂಡೆಯಂಥ ಕಡಲಜೀವಿಗಳು ಸಾಲಾಗಿ ಅಂಟಿಕೊಂಡಿದ್ದವು. ಕಾಲಿಟ್ಟರೆ ವಾರಗಟ್ಟಲೆ ಕುಂಟಬೇಕು. ಆದರೆ ಎಡಬದಿಗೆ, ಒಂದು ಆಳು ಮಲಗುವಷ್ಟು ಜಾಗದಲ್ಲಿ, ಒಂದೂ ಇರಲಿಲ್ಲ. ಅಲ್ಲಿ ಪಾಚಿಯೂ ತೇದುಹೋಗಿ ಬಂಡೆ ನುಣ್ಣಗಾಗಿತ್ತು, ದಿನಾ ಕುಳಿತೇಳುವ ಮೆಟ್ಟಿಲಿನಂತೆ.

ಅವಳು ತಿರುಗಿ ಆ ಜಾಗದಲ್ಲಿ ಅಂಗಾತ ಮಲಗಿದಳು.

ಮೇಲೆ, ಬಂಡೆಯ ಎರಡು ಅಂಚುಗಳ ನಡುವೆ ನೀರಿನ ಮೇಲ್ಮೈ ಕಿಟಕಿಯಂತೆ ಹೊಳೆಯುತ್ತಿತ್ತು. ಆ ಕಿಟಕಿಯ ನಟ್ಟನಡುವೆ ಇನ್ಸ್‌ಪೆಕ್ಟರಮ್ಮ ಬಿಸಿಲಿನಲ್ಲಿ ತೇಲುತ್ತಿದ್ದರು. ಅವರ ಮಾಸ್ಕಿನ ಪಟ್ಟಿಯ ಬಣ್ಣ ಕೂಡ ಸ್ಪಷ್ಟವಾಗಿ ಕಾಣುತ್ತಿತ್ತು. ಆದರೆ ಮೇಲಿಂದ ನೋಡುವವರಿಗೆ ಈ ಮೂಲೆ ಬರೀ ನೆರಳು.

ಯಾರೋ ಇಲ್ಲಿ ಮಲಗಿ ಮೇಲಕ್ಕೆ ನೋಡುತ್ತಿದ್ದರು. ಒಂದು ಸಲವಲ್ಲ, ಎಷ್ಟೋ ಸಲ.

ಎದೆ ಬಿಗಿಯುವ ತನಕ ಅವಳು ಅಲ್ಲೇ ಇದ್ದಳು. ಎದ್ದು ಬರಲು ಮನಸ್ಸೇ ಬರಲಿಲ್ಲ.

ಅಂಗಡಿಗೆ ಮರಳುವ ಹೊತ್ತಿಗೆ ಬಿಸಿಲು ಏರಿತ್ತು. ಕಂಪ್ರೆಸರ್ ಗುಡುಗುಡು ಎನ್ನುತ್ತ ಎರಡು ಸಿಲಿಂಡರುಗಳಿಗೆ ಗಾಳಿ ತುಂಬುತ್ತಿತ್ತು. ಇನ್ಸ್‌ಪೆಕ್ಟರಮ್ಮ ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು, ಟೀ ಲೋಟವನ್ನು ಎರಡು ಕೈಯಲ್ಲೂ ಹಿಡಿದು ಮೇಜಿನ ಮುಂದೆ ಕುಳಿತರು. ಅವರ ಬಟ್ಟೆ ಒದ್ದೆಯಾಗಿತ್ತು, ಕಣ್ಣು ಮಾತ್ರ ಡ್ಯೂಟಿಯಲ್ಲಿತ್ತು.

"ಇದು ಅವರದ್ದೇ ಅಂತ ಹೇಗೆ ಹೇಳ್ತೀರಿ?"

"ತುದೀಲಿ ಕಿತ್ತಳೆ ದಾರದ ಹೊಲಿಗೆ ಇದೆಯಲ್ಲ, ಅದು ನಂದು. ಪಟ್ಟಿ ಬಿಚ್ಕೊಳ್ತಿದೆ ಅಂತ ನಾನೇ ಹಾಕಿದ್ದು. ಕಪ್ಪು ದಾರ ಇರ್ಲಿಲ್ಲ. ಪೆಟ್ಟಿಗೇಲಿ ಏನಿತ್ತೋ ಅದರಲ್ಲೇ ಹೊಲಿದೆ. ಬಣ್ಣ ನೋಡಿ ವಾರವಿಡೀ ನಕ್ಕಿದ್ರು."

"ಹೂಂ. ಇನ್ನೇನು ಹೇಳುತ್ತೆ ಬೆಲ್ಟು?"

ಗಾಳಿಯಕ್ಕ ಬೆಲ್ಟಿನ ಮೇಲೆ ಬೆರಳಾಡಿಸಿದಳು. ತೆಳ್ಳಗಿನ ಲೋಳೆ ಬೆರಳಿಗೆ ಹತ್ತಿತು. ಬಕಲಿನ ಸಂದಿಯಲ್ಲಿ ಸಾಸಿವೆ ಕಾಳಿಗಿಂತಲೂ ಚಿಕ್ಕ ಬಿಳಿ ಚಿಪ್ಪುಗಳು ಅಲ್ಲೊಂದು ಇಲ್ಲೊಂದು ಅಂಟಿಕೊಂಡಿದ್ದವು.

"ಮೇಡಂ, ಈ ನೀರಿಗೆ ಏನು ಬಿದ್ರೂ ಒಂದು ವರ್ಷಕ್ಕೆ ಕಲ್ಲಾಗಿಬಿಡುತ್ತೆ. ಗುರುತಿಗೆ ನೀರ ಮೇಲೆ ತೇಲಿಬಿಡೋ ಬೋಯಾ ಕಟ್ಟೋ ಸರಪಳೀನ ವರ್ಷಕ್ಕೊಂದ್ಸಲ ಸುತ್ತಿಗೇಲಿ ಹೊಡೆದು ಬಿಡಿಸ್ತೀನಿ, ಅಷ್ಟು ಚಿಪ್ಪು ಕಟ್ಟಿರುತ್ತೆ. ಇದನ್ನ ನೋಡಿ. ಬೆರಳಲ್ಲಿ ಒರೆಸಿದ್ರೆ ಹೋಗುತ್ತೆ."

"ಅಂದ್ರೆ?"

"ಇದು ನೀರಿಗೆ ಬಿದ್ದು ಒಂದು ತಿಂಗಳಾಗಿರ್ಬೇಕು. ಹೆಚ್ಚಂದ್ರೆ ಐದಾರು ವಾರ."

ಇನ್ಸ್‌ಪೆಕ್ಟರಮ್ಮ ಲೋಟ ಕೆಳಗಿಟ್ಟರು.

"ಇನ್ನೂ ಇದೆ," ಎಂದಳು ಅವಳು. "ಅವರು ನಾಲ್ಕು ಬಿಲ್ಲೆ ಸೀಸ ಕಟ್ತಿದ್ರು. ಮೈ ದಪ್ಪಗಿದ್ದಷ್ಟೂ ನೀರು ಮೇಲಕ್ಕೆ ತಳ್ಳುತ್ತೆ, ಅದಕ್ಕೆ ಹೆಚ್ಚು ಭಾರ ಬೇಕು. ಇದರಲ್ಲಿ ಮೂರೇ ಇದೆ. ಪಟ್ಟೀಲಿ ಬಕಲಿನ ಹಳೇ ಗುರುತು ಇಲ್ಲಿದೆ, ಹೊಸ ಗುರುತು ನಾಲ್ಕು ಬೆರಳು ಒಳಗಿದೆ."

"ಅದಕ್ಕೆ?"

"ತುಂಬಾ ಇಳಿದುಹೋಗಿದಾರೆ ಮೇಡಂ."

ಹೇಳಿದ ಮೇಲೆ ಅವಳಿಗೆ ನಾಚಿಕೆಯಾಯಿತು. ರಾತ್ರಿಯಿಡೀ ಅವಳು ಯೋಚಿಸಿದ್ದು ಅದನ್ನೇ. ಬದುಕಿದ್ದಾರೋ ಇಲ್ಲವೋ ಎಂದಲ್ಲ. ಯಾರು ಊಟ ಹಾಕುತ್ತಿದ್ದಾರೆ, ಎರಡು ಹೊತ್ತಾದರೂ ಸರಿಯಾಗಿ ಉಣ್ಣುತ್ತಾರೋ ಇಲ್ಲವೋ ಎಂದು.

ಇನ್ಸ್‌ಪೆಕ್ಟರಮ್ಮ ಬೆಲ್ಟನ್ನು ತಿರುಗಿಸಿ ನೋಡಿದರು. "ಬೇರೆ ಯಾರೋ ಸಣಕಲ ಕಟ್ಕೊಂಡಿರಬಹುದು. ಆಸೆಗೆ ಕಣ್ಣಿರಲ್ಲ ಅಕ್ಕ. ನನ್ನ ಕಣ್ಣಲ್ಲೂ ಒಂದ್ಸಲ ನೋಡಿ."

"ನೋಡ್ತಿದೀನಿ. ಆದ್ರೂ ಅವರೇ ಕಾಣ್ತಾರೆ."

ಅಷ್ಟರಲ್ಲಿ ಬಾಗಿಲಲ್ಲಿ ನೆರಳಾಯಿತು. ಮೈದುನ ಬಂದಿದ್ದ. ಮೇಷ್ಟ್ರ ಒಬ್ಬನೇ ತಮ್ಮ. ದೋಣಿಯಲ್ಲಿ ಪ್ರವಾಸಿಗಳನ್ನು ಸುತ್ತಾಡಿಸುವವನು. ಹೊಟ್ಟೆಯ ಗಾತ್ರದಿಂದ ಊರಿಗೆಲ್ಲ ಗುಂಡಣ್ಣ. ಅಣ್ಣ ಹೋದಂದಿನಿಂದ ಮಧ್ಯಾಹ್ನದ ಊಟ ಅತ್ತಿಗೆಯ ಮನೆಯಲ್ಲೇ. ಬಂದವನು ಎಂದೂ ಅಣ್ಣನ ಕುರ್ಚಿಯಲ್ಲಿ ಕೂರುತ್ತಿರಲಿಲ್ಲ, ಸ್ಟೂಲನ್ನೇ ಎಳೆದುಕೊಳ್ಳುತ್ತಿದ್ದ. ಅದನ್ನು ಅವಳು ಮರ್ಯಾದೆ ಎಂದುಕೊಂಡಿದ್ದಳು.

"ಅತ್ತಿಗೆ, ಪೊಲೀಸ್ ಜೀಪ್ ನಿಂತಿದೆಯಲ್ಲ..." ಎನ್ನುತ್ತ ಒಳಗೆ ಬಂದವನ ಕಣ್ಣು ಮೇಜಿನ ಮೇಲೆ ಬಿತ್ತು. ಕಾಲು ಅಲ್ಲೇ ನಿಂತುಬಿಟ್ಟಿತು.

"ಬನ್ನಿ ಗುಂಡಣ್ಣ, ಕೂತ್ಕೊಳ್ಳಿ," ಎಂದರು ಇನ್ಸ್‌ಪೆಕ್ಟರಮ್ಮ, ನೆಂಟರನ್ನು ಕರೆಯುವಂತೆ. "ದೋಣಿ ಹೇಗಿದೆ?"

"ಚೆನ್ನಾಗಿದೆ ಮೇಡಂ."

"ನೀರಿಗೆ ಯಾವಾಗ ಇಳಿಸ್ತೀರಿ?"

"ಇನ್ನೊಂದು ಕೋಟು ಬಣ್ಣ ಬಾಕಿ ಇದೆ. ಹಲಗೆ ಬೇರೆ ಬದಲಾಯಿಸಬೇಕಿತ್ತು, ಎರಡು ತಿಂಗಳು ಹಿಡೀತು."

"ಎರಡು ತಿಂಗಳಿಂದ ದಡದ ಮೇಲೇ ಇದೆಯಾ?"

"ಮಗುಚಿ ಹಾಕಿದೀನಿ ಮೇಡಂ."

"ನೋಡ್ದೆ. ಹಸಿರು ಬಣ್ಣ, ಚೆನ್ನಾಗಿ ಒಪ್ಪುತ್ತೆ." ಇನ್ಸ್‌ಪೆಕ್ಟರಮ್ಮ ಗೋಡೆಯ ಮೇಲಿನ ಕಪ್ಪು ಹಲಗೆಯತ್ತ ತಿರುಗಿದರು. ಯಾವ ಸಿಲಿಂಡರನ್ನು ಯಾರು ಎಂದು ಒಯ್ದರು ಎಂಬುದನ್ನು ಗಾಳಿಯಕ್ಕ ಸೀಮೆಸುಣ್ಣದಲ್ಲಿ ಬರೆಯುವ ಹಲಗೆ ಅದು. "ಹದಿನಾಲ್ಕನೇ ನಂಬರ್, ಐದು ವಾರದ ಹಿಂದೆ, ಶನಿವಾರ. ಗುಂಡಣ್ಣ, ದೋಣಿಯ ತಳ ಉಜ್ಜಲು. ವಾಪಸ್ ಬಂದಿಲ್ಲ. ಅಲ್ಲಪ್ಪ, ದಡದ ಮೇಲೆ ಮಗುಚಿ ಹಾಕಿರೋ ದೋಣಿಯ ತಳ ಉಜ್ಜೋಕೆ ನೀರೊಳಗೆ ಯಾಕೆ ಇಳೀಬೇಕು?"

ಗುಂಡಣ್ಣ ಕೈಯಲ್ಲಿದ್ದ ಟೊಪ್ಪಿಗೆಯನ್ನು ಹಿಂಡತೊಡಗಿದ.

"ಸಿಲಿಂಡರು... ಅದು ಮನೇಲಿದೆ."

"ತರಿಸಿ. ನಾನು ಕಾಯ್ತೀನಿ. ಟೀ ಇನ್ನೂ ಇದೆ."

ಅವನು ಅಲುಗಾಡಲಿಲ್ಲ. ಗಾಳಿಯಕ್ಕ ಬೆಲ್ಟನ್ನು ಎತ್ತಿ, ಕಿತ್ತಳೆ ಹೊಲಿಗೆ ಅವನಿಗೆ ಕಾಣುವಂತೆ ಹಿಡಿದಳು.

"ಇದನ್ನ ಕಟ್ಕೊಂಡಿದ್ದು ಯಾರೋ?"

"ಅತ್ತಿಗೆ..."

"ಯಾರು ಅಂದೆ."

"ಅಣ್ಣ."

ಅವಳು ಹೋಗಿ ಕಂಪ್ರೆಸರ್ ಆಫ್ ಮಾಡಿದಳು. ಅದು ನಿಂತ ಮೇಲೆ ಅಷ್ಟು ಹೊತ್ತು ಅಲ್ಲಿ ಎಷ್ಟು ಸದ್ದಿತ್ತೆಂದು ಗೊತ್ತಾಯಿತು. ಕೆಳಗೆ ಅಲೆ ಬಂಡೆಗೆ ಬಡಿಯುವುದು ಕೇಳಿಸುತ್ತಿತ್ತು.

"ಹತ್ತೊಂಬತ್ತು ತಿಂಗಳು ನನ್ನೆದುರು ಕೂತು ಉಂಡಿದೀಯ," ಎಂದಳು. ಕೂಗಲಿಲ್ಲ. "ದಿನಾ ನಾನೇ ಬಡಿಸಿದೀನಿ. ನಾನು ಎದ್ದು ಬಾಗಿಲಿಗೆ ಹೋಗಿ ನಿಲ್ಲೋದು ನೋಡಿದೀಯ. ಯಾರಾದ್ರೂ ಗೇಟು ತೆಗೆದ್ರೆ ಕೈಲಿದ್ದಿದ್ದು ಬಿಟ್ಟು ಓಡೋದು ನೋಡಿದೀಯ. ನಿನ್ನ ಗಂಟಲಲ್ಲಿ ಅನ್ನ ಹೇಗೋ ಇಳೀತು?"

"ಇಳೀತಿರ್ಲಿಲ್ಲ ಅತ್ತಿಗೆ." ಆ ದೊಡ್ಡ ದೇಹ ಸ್ಟೂಲಿನ ಮೇಲೆ ಕುಸಿಯಿತು. "ಆಣೆ ಮಾಡಿಸಿಕೊಂಡಿದ್ದ. ನಿಮ್ಮ ತಲೆ ಮೇಲೆ ಆಣೆ."

ಆಮೇಲೆ ತಡೆದು ತಡೆದು, ಒಂದೊಂದೇ ಮಾತು ಹೊರಬಂತು.

ಮದುವೆಗೆ ಮೊದಲು ಮೇಷ್ಟ್ರು ದೂರದ ಬಂದರಿನಲ್ಲಿ ಮುಳುಗಿದ ಹಡಗುಗಳನ್ನು ಕತ್ತರಿಸಿ ಎತ್ತುವ ಕೆಲಸದಲ್ಲಿದ್ದರು. ಜೊತೆಗೆ ಬೇರೊಂದು ಮನೆಯ ಅಣ್ಣತಮ್ಮಂದಿರಿಬ್ಬರು. ಒಂದು ದಿನ ಆ ಇಬ್ಬರಲ್ಲಿ ತಮ್ಮನೂ ಮೇಷ್ಟ್ರೂ ಒಂದೇ ಹಗ್ಗದಲ್ಲಿ ಕೆಳಗಿಳಿದರು. ಹಡಗಿನ ತಗಡು ಕುಸಿಯಿತು. ಮೇಲೆ ಬಂದದ್ದು ಮೇಷ್ಟ್ರೊಬ್ಬರೇ. ಹಗ್ಗವನ್ನು ಕತ್ತರಿಸಲಾಗಿತ್ತು.

"ಕತ್ತರಿಸಿದ್ದು ಯಾರು?" ಇನ್ಸ್‌ಪೆಕ್ಟರಮ್ಮ ಕೇಳಿದರು.

"ಅಣ್ಣನೇ. ಇಲ್ಲದಿದ್ರೆ ಇಬ್ಬರೂ ಹೋಗ್ತಿದ್ವಿ ಅಂತ ಹೇಳ್ತಾನೆ. ನೋಡಿದವರು ಯಾರೂ ಇಲ್ಲ ಮೇಡಂ. ಸತ್ತವನ ಅಣ್ಣ ನಂಬ್ಲಿಲ್ಲ. ಎಷ್ಟೋ ವರ್ಷ ಹುಡುಕಿ, ಇಲ್ಲಿಗೇ ಬಂದ. 'ನನ್ನೋನನ್ನ ನೀನು ನೀರಲ್ಲಿ ಬಿಟ್ಟು ಬಂದೆ, ನಿನ್ನೋಳನ್ನ ನಾನು ನೀರಲ್ಲಿ ಬಿಡ್ತೀನಿ' ಅಂದ. ಅಣ್ಣ ಹೆದರಿಬಿಟ್ಟ. ತನಗಲ್ಲ. ಅತ್ತಿಗೆ ದಿನಾ ಸಮುದ್ರಕ್ಕಿಳೀತಾರಲ್ಲ."

"ಠಾಣೆ ಇತ್ತಲ್ಲಪ್ಪ ಊರಲ್ಲಿ."

"ಏನಂತ ಹೇಳ್ತಿದ್ದ ಮೇಡಂ? ಹಗ್ಗ ನಾನೇ ಕೊಯ್ದೆ ಅಂತಲಾ? ತಾನು ಸತ್ತರೆ ಅವನ ಸಿಟ್ಟು ತಣ್ಣಗಾಗುತ್ತೆ, ಹೊರಟುಹೋಗ್ತಾನೆ ಅಂದ. ಬೆಳಿಗ್ಗೆ ಎಲ್ಲರೂ ನೋಡೋ ಹಾಗೆ ನೀರಿಗಿಳಿದ, ಬಂಡೆಸಾಲಿನ ಗುಂಟ ಅಡಿಯಲ್ಲೇ ಈಜಿ ಆಚೆ ಕೊಲ್ಲಿಗೆ ಬಂದ. ಬಟ್ಟೆ ಹಿಡ್ಕೊಂಡು ನಾನು ಅಲ್ಲಿದ್ದೆ. ಎರಡೇ ತಿಂಗಳು ಅಂದಿದ್ದ. ಆದ್ರೆ ಸತ್ತವನ ಅಣ್ಣ ಬಿಡ್ಲೇ ಇಲ್ಲ. ಆಗಾಗ ಬಂದು ಊರಲ್ಲಿ ವಿಚಾರಿಸ್ತಾನೇ ಇದ್ದ. ಹೆಣ ಸಿಕ್ಕಿರ್ಲಿಲ್ಲವಲ್ಲ."

ಗಾಳಿಯಕ್ಕ ಗೋಡೆಗೊರಗಿ ನಿಂತಿದ್ದಳು. ಉಳಿದ ಮಾತೆಲ್ಲ ಅವಳಿಗೆ ದೂರದಲ್ಲಿ ಯಾರೋ ಮಾತಾಡಿದಂತಿತ್ತು. ಕೇಳಬೇಕಾದದ್ದು ಒಂದೇ ಇತ್ತು.

"ಉಗ್ರಾಣದ ಬಾಗಿಲಲ್ಲಿ ಮಲಗ್ತಿದ್ದೋರು ಅವರೇನಾ?"

ಗುಂಡಣ್ಣ ತಲೆಯೆತ್ತಿದ. ಅವನ ಕೆನ್ನೆ ಒದ್ದೆಯಾಗಿತ್ತು.

"ನಿಮಗೆ ಹೇಗೆ ಗೊತ್ತಾಯ್ತು? ತಿಂಗಳ ಮೊದಲ ಭಾನುವಾರ ನೀವು ಪ್ರವಾಸಿಗಳನ್ನ ಅಲ್ಲೀವರೆಗೂ ಕರ್ಕೊಂಡು ಹೋಗ್ತೀರಲ್ಲ. ಹಿಂದಿನ ದಿನ ನಾನು ಕೊಲ್ಲೀಲಿ ಸಿಲಿಂಡರ್ ಇಟ್ಟುಬರ್ತಿದ್ದೆ. ನೀವು ಮೇಲೆ ತೇಲ್ತಿದ್ರಿ, ಅವನು ಕೆಳಗಿಂದ ನೋಡ್ತಿದ್ದ. ಅಷ್ಟೇ. ಅಷ್ಟಕ್ಕೇ ಎಲ್ಲಿಂದೆಲ್ಲಿಂದಲೋ ಬರ್ತಿದ್ದ. ನೀರಿಂದೆದ್ದು ಬಂದು, 'ಅವಳ ಎಡಗಾಲಿನ ರಬ್ಬರ್ ಫಿನ್ ಹರಿದಿದೆ ಕಣೋ, ಬದಲಾಯಿಸೋಕೆ ಹೇಳು' ಅಂತಿದ್ದ."

ಫಿನ್ ಬದಲಾಯಿಸಿ ಅತ್ತಿಗೆ ಎಂದು ಮೈದುನ ಹೇಳಿದ್ದು ಅವಳಿಗೆ ನೆನಪಾಯಿತು. ಇವನಿಗೇಕೆ ನನ್ನ ಕಾಲಿನ ಮೇಲೆ ಕಣ್ಣು ಎಂದು ರೇಗಿದ್ದಳು.

ನೆನಪು ಅಲ್ಲಿಗೇ ನಿಲ್ಲಲಿಲ್ಲ. ಎಷ್ಟೋ ಭಾನುವಾರ ಉಗ್ರಾಣದ ಮೇಲೆ ತೇಲುವಾಗ, ಕೆಳಗಿನ ನೆರಳಿನಿಂದ ಸಣ್ಣ ಗುಳ್ಳೆಗಳು ಎದ್ದು ಬಂದು ಅವಳ ಹೊಟ್ಟೆಗೆ, ಕತ್ತಿಗೆ ಕಚಗುಳಿಯಿಟ್ಟು ಒಡೆಯುತ್ತಿದ್ದವು. ಬಂಡೆಯೊಳಗೆ ಸಿಕ್ಕಿದ ಗಾಳಿ ಎಂದು ಅವಳೇ ಪ್ರವಾಸಿಗಳಿಗೆ ವಿವರಿಸಿದ್ದಳು. ಅದು ಅವರ ಉಸಿರು. ಆ ಉಸಿರಿನ ಗಾಳಿಯನ್ನು ತುಂಬಿಸಿದವಳೂ ಅವಳೇ, ಇದೇ ಅಂಗಡಿಯಲ್ಲಿ, ಇದೇ ಕೈಯಲ್ಲಿ. ಇಬ್ಬರ ನಡುವೆ ಎರಡಾಳು ನೀರು ಬಿಟ್ಟರೆ ಬೇರೇನೂ ಇರಲಿಲ್ಲ.

"ಈಗ ಎಲ್ಲಿದ್ದಾರೆ?" ಎಂದಳು. "ಕರ್ಕೊಂಡು ಹೋಗು. ಈಗಲೇ."

ಗುಂಡಣ್ಣ ಎದ್ದೇಳಲಿಲ್ಲ.

"ಅದೇ ಗೊತ್ತಿಲ್ಲ ಅತ್ತಿಗೆ. ಐದು ವಾರದ ಹಿಂದೆ ಭಾನುವಾರ ನೀರಿಗಿಳಿದವನು ಕೊಲ್ಲಿಗೆ ಬರ್ಲೇ ಇಲ್ಲ. ಕತ್ತಲಾಗೋವರೆಗೂ ಕಾದೆ. ಸಿಲಿಂಡರೂ ಇಲ್ಲ, ಅವನೂ ಇಲ್ಲ. ಮಾರನೇ ದಿನದಿಂದ ದಿನಾ ಹೋಗಿ ನೋಡ್ತಿದೀನಿ."

"ನನಗೆ ಹೇಳ್ಬೇಕು ಅನ್ನಿಸ್ಲಿಲ್ವಾ?"

"ನಿಮ್ಮ ಪಾಲಿಗೆ ಅವನು ಒಂದ್ಸಲ ಸತ್ತಿದ್ದ. ಎರಡನೇ ಸಲ ಹೇಗೆ ಹೇಳ್ಲಿ?"

ಸಿಕ್ಕಿದರು ಎಂಬ ಸಂತೋಷ ಇನ್ನೂ ಅವಳ ಮನಸ್ಸಿಗೆ ಪೂರ್ತಿ ಮುಟ್ಟಿರಲಿಲ್ಲ, ಅಷ್ಟರಲ್ಲೇ ಕೈಜಾರಿತ್ತು.

ಇನ್ಸ್‌ಪೆಕ್ಟರಮ್ಮ ಮಾತ್ರ ಬೆಲ್ಟಿನ ಬಕಲನ್ನು ಟಕ್ ಟಕ್ ಎಂದು ತೆಗೆದು ಹಾಕಿ ಮಾಡುತ್ತಿದ್ದರು.

"ಅಕ್ಕ, ಮುಳುಗೋಕೆ ಇಳಿದವರು ನೀರೊಳಗೆ ಬೆಲ್ಟು ಯಾವಾಗ ಬಿಚ್ತಾರೆ?"

"ಬಿಚ್ಚೋದೇ ಇಲ್ಲ. ಪ್ರಾಣಕ್ಕೆ ಬಂದಾಗ ಮಾತ್ರ. ಬಿಚ್ಚಿದ ತಕ್ಷಣ ಮೈ ಹಗುರಾಗಿ ಮೇಲಕ್ಕೆ ಎದ್ದುಬಿಡುತ್ತೆ."

"ಬಿಚ್ಚಿದಾರೆ. ಹರಿದಿಲ್ಲ, ಕೊಯ್ದಿಲ್ಲ. ಅಂದ್ರೆ ಮೇಲೆದ್ದಿದಾರೆ. ಉಗ್ರಾಣದಿಂದ ನೆಟ್ಟಗೆ ಮೇಲೆದ್ರೆ ಎಲ್ಲಿಗೆ ಬರ್ತಾರೆ?"

ಗಾಳಿಯಕ್ಕ ಬೆಲ್ಟಿನಿಂದ ಕಣ್ಣೆತ್ತಿದಳು. "ನಾವಿದ್ದ ಕಡೆಗೇ."

"ಆವತ್ತು ಎಷ್ಟು ಜನರನ್ನ ಕರ್ಕೊಂಡು ಹೋಗಿದ್ರಿ?"

"ಏಳು."

"ಎಷ್ಟು ಜನ ವಾಪಸ್ ಬಂದ್ರು?"

"ಏಳೇ. ನಾನು ಎಣಿಸದೆ ಯಾರನ್ನೂ ಬಿಡಲ್ಲ ಮೇಡಂ. ದಡದ ಬಂಡೆ ಜಾರುತ್ತೆ, ಒಬ್ಬೊಬ್ಬರ ಕೈ ಹಿಡಿದು ಮೇಲಕ್ಕೆಳೀತೀನಿ. ಆವತ್ತು ಅಲೆ ಜೋರಿತ್ತು. ಒಬ್ಬಳು ಹುಡುಗಿಗೆ ಚಿಪ್ಪು ತಾಗಿ ಕಾಲು ಕೊಯ್ದಿತ್ತು, ಅವಳಿಗೆ ಪಟ್ಟಿ ಕಟ್ಟೋ ಗಡಿಬಿಡಿ. ಆದ್ರೂ ಎಣಿಸಿದೆ. ಏಳು ಕೈ."

"ಮುಖ?"

"ಎಲ್ಲರಿಗೂ ಮಾಸ್ಕಿತ್ತು. ಅಂಗಡಿಯ ನೀಲಿ ಶರ್ಟಿತ್ತು."

"ಮಾಸ್ಕುಗಳು ಎಲ್ಲಿ?"

ಹಿಂದಿನ ಗೋಡೆಯ ಮೊಳೆಗಳಿಗೆ ಮಾಸ್ಕುಗಳನ್ನು ತೂಗುಹಾಕಿತ್ತು. ದಡದಲ್ಲಿಡುವ ತೊಳೆಯುವ ತೊಟ್ಟಿಯಿಂದ ತೆಗೆದು, ಒಣಗಿಸಿ, ಎಷ್ಟಿವೆ ಎಂದು ನೋಡುವುದಷ್ಟೇ ಅವಳ ರೂಢಿ. ಈಗ ಒಂದೊಂದನ್ನೇ ತಿರುಗಿಸಿ ಪಟ್ಟಿಯ ಮೇಲೆ ಬಿಳಿ ಬಣ್ಣದಲ್ಲಿ ಬರೆದ ನಂಬರನ್ನು ಓದುತ್ತ ಹೋದಳು. ಮೂರು. ಹನ್ನೊಂದು. ಆರು. ಎರಡು.

ಎರಡನೇ ಸಾಲಿನ ಕೊನೆಯ ಮೊಳೆಯಲ್ಲಿದ್ದುದಕ್ಕೆ ನಂಬರೇ ಇರಲಿಲ್ಲ.

ಕಪ್ಪು ರಬ್ಬರಿನ ಹಳೇ ಮಾಡೆಲ್ಲು. ಬಲಗಡೆ ಗಾಜಿನ ಮೂಲೆಯಲ್ಲಿ ಕೂದಲೆಳೆಯಷ್ಟು ಗೀರು. ಪಟ್ಟಿಯ ಅಳತೆ ದೊಡ್ಡ ತಲೆಯದು. ಹತ್ತೊಂಬತ್ತು ತಿಂಗಳ ಹಿಂದೆ ಮೇಷ್ಟ್ರು ಅಂಗಡಿಯಿಂದ ಹೊರಟಾಗ ಅವರ ಹಣೆಯ ಮೇಲೆ ಇದ್ದದ್ದು.

ಐದು ವಾರದಿಂದ ಅದು ಅವಳ ಬೆನ್ನ ಹಿಂದೆಯೇ ತೂಗುತ್ತಿತ್ತು.

"ಅಣ್ಣನದು!" ಎಂದ ಗುಂಡಣ್ಣ. ಆಮೇಲೆ, ಅಳುವೂ ನಗುವೂ ಒಟ್ಟಿಗೇ ನುಗ್ಗಿ, "ಅತ್ತಿಗೆ, ಬದುಕಿದಾನೆ! ನಿಮ್ಮೆದುರೇ ನಡೆದುಕೊಂಡು ಹೋಗಿದಾನೆ!"

ಅವಳು ಮಾಸ್ಕನ್ನು ಎದೆಗೊತ್ತಿಕೊಂಡಳು. ಇನ್ಸ್‌ಪೆಕ್ಟರಮ್ಮ ನಗಲಿಲ್ಲ. ತಲೆಗೆ ಸುತ್ತಿದ್ದ ಟವೆಲ್ಲನ್ನು ಬಿಚ್ಚಿ, ಮಡಚಿ ಮೇಜಿನ ಮೇಲಿಟ್ಟರು. ಟವೆಲ್ ಇಲ್ಲದ ಮುಖ ಬೇರೆಯದೇ ಮನುಷ್ಯರದ್ದಾಗಿ ಕಂಡಿತು.

"ಏಳು ಜನ ಹೋದ್ರು. ಏಳು ಜನ ಬಂದ್ರು. ಬಂದ ಏಳರಲ್ಲಿ ಮೇಷ್ಟ್ರು ಒಬ್ಬರು. ಹಾಗಾದ್ರೆ ಹೋದ ಏಳರಲ್ಲಿ ಒಬ್ಬ ಬರ್ಲಿಲ್ಲ."

ಗಾಳಿಯಕ್ಕ ಮಾಸ್ಕನ್ನು ಎದೆಯಿಂದ ಕೆಳಗಿಳಿಸಿದಳು.

"ಆ ಸೋಮವಾರ ಬಸ್‌ಸ್ಟ್ಯಾಂಡ್ ಪಕ್ಕದ ಲಾಡ್ಜಿನ ಮ್ಯಾನೇಜರ್ ಠಾಣೆಗೆ ಬಂದಿದ್ದನಂತೆ. ಒಂಟಿಯಾಗಿ ಬಂದ ಗಿರಾಕಿ ಬ್ಯಾಗು ಬಿಟ್ಟು ಹೋಗಿದಾನೆ, ವಾಪಸ್ ಬಂದಿಲ್ಲ ಅಂತ. ಆ ಬ್ಯಾಗು ಇನ್ನೂ ನನ್ನ ಬೀರುವಿನಲ್ಲಿದೆ. ಎರಡು ಜೊತೆ ಬಟ್ಟೆ, ಒಂದು ಹಳೇ ಫೋಟೋ. ಹಡಗಿನ ಮೇಲೆ ಮೂವರು ನಿಂತಿದಾರೆ, ನೀರಿಗಿಳಿಯೋ ಡ್ರೆಸ್ಸಲ್ಲಿ. ಫೈಲಲ್ಲಿ ಮೇಷ್ಟ್ರ ಫೋಟೋ ಇದೆ. ದಿನಾ ಎರಡನ್ನೂ ನೋಡ್ತಿದ್ದೆ. ವಯಸ್ಸಿನ ವ್ಯತ್ಯಾಸ ನೋಡಿ, ಎಲ್ಲೋ ನೋಡಿದ ಮುಖ ಅಂತಷ್ಟೇ ಅಂದ್ಕೊಂಡಿದ್ದೆ. ಗುಂಡಣ್ಣ ಈಗ ಹೇಳಿದ ಮೇಲೆ ಅನುಮಾನ ಉಳಿದಿಲ್ಲ."

"ಆ ಸತ್ತವನ ಅಣ್ಣ," ಎಂದ ಗುಂಡಣ್ಣ ಪಿಸುದನಿಯಲ್ಲಿ. "ಅವನೇ ಬಂದಿದ್ದನಾ? ಅತ್ತಿಗೆ ಜೊತೆ ನೀರಿಗಿಳಿದಿದ್ದನಾ?"

"ಮಾತು ಉಳಿಸಿಕೊಳ್ಳೋಕೇ ಇಳಿದಿರಬಹುದು. ಕೆಳಗೆ ಮೇಷ್ಟ್ರು ನೋಡ್ತಿದ್ರು." ಇನ್ಸ್‌ಪೆಕ್ಟರಮ್ಮ ಗಾಳಿಯಕ್ಕನ ಕಡೆ ತಿರುಗಿದರು. "ಏಳೂ ಜನ ನೀಲಿ ಶರ್ಟು ಹಾಕಿದ್ರು ಅಂದ್ರಿ. ಅದನ್ನ ನೀವು ಕೊಟ್ಟಿದ್ದು ಹೋದ ಏಳು ಜನರಿಗೆ. ಮೇಷ್ಟ್ರ ಮೈ ಮೇಲೆ ಎಲ್ಲಿಂದ ಬಂತು?"

ಅವಳಿಗೆ ಉತ್ತರ ಗೊತ್ತಿತ್ತು. ಅವರಿಗೂ ಗೊತ್ತಿತ್ತು.

"ನಾಳೆ ಬೆಳಿಗ್ಗೆ ಬೇರೆ ಊರಿನಿಂದ ಮುಳುಗುಗಾರರನ್ನ ಕರೆಸಿ ಆ ಸೀಳಿನ ಒಳಗೆ ಇಳಿಸ್ತೀನಿ. ಅಲ್ಲಿ ಏನು ಸಿಗುತ್ತೋ ನೋಡೋಣ. ಅಲ್ಲೀವರೆಗೆ ಒಂದು ಮಾತು ನೇರವಾಗಿ ಹೇಳಿಬಿಡ್ತೀನಿ. ಇವತ್ತು ಬೆಳಿಗ್ಗೆವರೆಗೂ ನಾನು ಕಾಣೆಯಾದವರನ್ನ ಹುಡುಕ್ತಿದ್ದೆ. ಈಗ ಹುಡುಕ್ತಿರೋದು ಬೇರೆ." ಅವರು ನೋಟ್‌ಬುಕ್ ತೆಗೆದರು. "ಆ ಏಳು ಜನರಲ್ಲಿ ಕೊನೇಲಿ ಹತ್ತಿದವನು ಯಾರು? ಹೇಗಿದ್ದ? ಯಾವ ಕಡೆ ಹೋದ? ಏನಾದ್ರೂ ಹೇಳಿದ್ನಾ? ನೆನಪು ಮಾಡ್ಕೊಳ್ಳಿ ಅಕ್ಕ, ಚಿಕ್ಕದಾದ್ರೂ ಪರವಾಗಿಲ್ಲ."

ನೆನಪು ಮಾಡಿಕೊಳ್ಳುವ ಅಗತ್ಯವೇ ಇರಲಿಲ್ಲ.

ಕೊನೆಯ ಮನುಷ್ಯ ತೆಳ್ಳಗಿದ್ದ, ಮುಖದ ತುಂಬ ಗಡ್ಡ. ಬಂಡೆಯ ಮೇಲೆ ಕಾಲಿಟ್ಟಾಗ ಅಲೆ ಬಡಿದು ತೂರಾಡಿದ. ಅವಳು ಬಗ್ಗಿ ಕೈ ಕೊಟ್ಟಳು. ಅವನ ಬೆರಳುಗಳು ಅವಳ ಅಂಗೈಯನ್ನು ಎರಡು ಸಲ ಒತ್ತಿದವು. ಮಾತಿಲ್ಲದ ನೀರಿನಡಿಯಲ್ಲಿ, ಮದುವೆಯ ಹೊಸತರಲ್ಲಿ, ಗಂಡ ಹೆಂಡತಿ ತಮ್ಮಿಬ್ಬರಿಗಷ್ಟೇ ಎಂದು ಮಾಡಿಕೊಂಡಿದ್ದ ಸನ್ನೆ ಅದು: ಚೆನ್ನಾಗಿದೀಯಾ? ಬಿದ್ದುಬಿಡುವ ಭಯಕ್ಕೆ ಬಿಗಿಯಾಗಿ ಹಿಡಿದ ಎಂದುಕೊಂಡಿದ್ದಳು. ಆದರೂ ಅವಳ ಕೈ, ಅವಳನ್ನು ಕೇಳದೆಯೇ, ಎರಡು ಸಲ ಒತ್ತಿ ಉತ್ತರ ಕೊಟ್ಟಿತ್ತು. ಆ ಮನುಷ್ಯ ಒಂದು ಕ್ಷಣ ಹೆಚ್ಚು ನಿಂತು, ತಲೆ ತಗ್ಗಿಸಿ, ಬೆನ್ನು ತಿರುಗಿಸಿ ಮಾಸ್ಕನ್ನು ತೊಟ್ಟಿಗೆ ಹಾಕಿ, ಎಡಕ್ಕೆ, ದೀಪಸ್ತಂಭದ ಮೆಟ್ಟಿಲುಗಳ ಕಡೆ ಹೋಗಿದ್ದ.

ಇನ್ಸ್‌ಪೆಕ್ಟರಮ್ಮ ಪೆನ್ನಿನ ಮುಚ್ಚಳ ತೆಗೆದು ಕಾಯುತ್ತಿದ್ದರು. ಈ ಮೂರು ವಾರದಲ್ಲಿ ಅವಳನ್ನು ನಂಬಿದವರು ಅವರೊಬ್ಬರೇ. ಅವಳೂ ಅವರಿಗೆ ಒಂದೇ ಒಂದು ಸುಳ್ಳು ಹೇಳಿರಲಿಲ್ಲ.

"ಇಲ್ಲ ಮೇಡಂ," ಎಂದಳು ಗಾಳಿಯಕ್ಕ. "ನೀರಿಂದ ಎದ್ದು ಬಂದವರು ಎಲ್ಲರೂ ಒಂದೇ ಥರ ಕಾಣ್ತಾರೆ. ಏನೂ ನೆನಪಿಲ್ಲ."

ಇನ್ಸ್‌ಪೆಕ್ಟರಮ್ಮ ಅವಳ ಮುಖವನ್ನೇ ನೋಡುತ್ತ ಕುಳಿತರು. ಬೆಳಿಗ್ಗೆ ಸಮುದ್ರವನ್ನು ನೋಡಿದ ಹಾಗಲ್ಲ. ಬಹಳ ಹೊತ್ತು, ಬೇಸರದಿಂದ.

"ಹಾಗೇ ಬರ್ಕೋತೀನಿ," ಎಂದು ಹೇಳಿ, ಏನೂ ಬರೆಯದೆ ನೋಟ್‌ಬುಕ್ ಮುಚ್ಚಿದರು.